ಹುಲಿಗೆವ್ವನ ತಲೆ, ಚಂದ್ರಹಾಸದ ಕರೆಂಟು

ಚಂದ್ರಹಾಸ ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಸ ಗುಡಿಸುವ ಹುಲಿಗೆವ್ವ ಒಂದು ಭಾನುವಾರ ಬಾಲ್ಕನಿ ಟಿಕೀಟು ತೆಗೆಸಿ ‘ನಿನ್ನೆ ಇಲ್ಲದ ಊರು’ ಸಿನಿಮಾ ನೋಡಲು ಕೂತಳು. ಮಧ್ಯಂತರದಲ್ಲಿ ಮಾಲೀಕ ವಿರೂಪಾಕ್ಷಪ್ಪ ಸಾಹುಕಾರರು ಅವಳನ್ನು ಎಬ್ಬಿಸಿ, ಆ ಸೀಟಿನಲ್ಲಿ ತಮ್ಮ ಬೀಗರನ್ನು ಕೂಡಿಸಿದರು. “ಇದು ತಲೀ ಇದ್ದವರ ಸಿನಿಮಾ, ನಿನಗ್ಯಾಕ?” ಎಂದರು. ಅವಳು ಎದ್ದು ಹೋದಳು.

ಅದೇ ವಾರ ನನ್ನ ಗಂಡನ ಹೊಸ ಯಂತ್ರ ತಯಾರಾಯಿತು.

ನನ್ನ ಗಂಡ ಮೋನಪ್ಪ ಚಂದ್ರಹಾಸದಲ್ಲಿ ರೀಲು ಓಡಿಸುವವನು. ಬೆಟಗೇರಿಯಲ್ಲಿ ಅವನ ಯಂತ್ರದ ಸದ್ದು ಕೇಳಿದರೆ ಕೋಳಿಗಳು ಗೋಡೆ ಹಾರುತ್ತವೆ. ಹೋದ ವರ್ಷದ ರೊಟ್ಟಿ ಬಡಿಯುವ ಯಂತ್ರ ಎಸೆದ ರೊಟ್ಟಿಯೊಂದು ಎದುರು ಮನೆಯ ಮಾಳಿಗೆಯ ಮೇಲೆ ಇನ್ನೂ ಇದೆ!

“ಕಾಳವ್ವಾ, ಬಾ ಇಲ್ಲಿ! ಊರಾಗ ಕರೆಂಟ್ ಇರಲಿ, ಬಿಡಲಿ, ಇನ್ನ ಚಿಂತಿಲ್ಲ! ಮನಷ್ಯಾ ಯೋಚನಿ ಮಾಡಿದ್ರ ಸಾಕು, ಕರೆಂಟ್ ಹುಟ್ಟತೈತಿ!”

ಅವನ ತಲೆಯ ಮೇಲೆ ನನ್ನ ಚಹಾ ಸೋಸುವ ಜರಡಿ ಬೋರಲಾಗಿ ಕೂತಿತ್ತು. ಅದರಿಂದ ಹೊರಟ ತಂತಿ ಒಂದು ಡಬ್ಬಿಗೆ, ಡಬ್ಬಿಯಿಂದ ಒಂದು ಬಲ್ಬಿಗೆ. ಅವನು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ಯೋಚಿಸಿದ. ಬಲ್ಬು ಮಿಣುಕುಹುಳದ ಹಾಗೆ ಒಮ್ಮೆ ಮಿಣುಕಿತು.

“ಇಷ್ಟೇನ?” ಎಂದೆ.

“ನನ್ನದು ಹಗುರ ಯೋಚನಿ. ನೀ ಹಾಕ್ಕೋ!”

ಹಾಕಿಕೊಂಡೆ. ಬಲ್ಬು ಫಟ್ಟೆಂದು ಒಡೆದು ಚೂರಾಯಿತು!

“ಮಾರಾಯ್ತಿ! ಏನ್ ಯೋಚನಿ ಮಾಡಿದಿ?”

“ನಾಳೆ ಚಾ ಎದರಾಗ ಸೋಸಲಿ ಅಂತ!”

ಆ ವಾರವೆಲ್ಲ ಹುಲಿಗೆವ್ವ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದಳು. ಅವಳು ಹೇಳಿದ ಸಿನಿಮಾದ ಕತೆ ಇಷ್ಟು: ಒಂದು ಗಿರಣಿ ಊರು. ದಿನಾ ಬೆಳಗಿನ ಜಾವ ಒಂದು ಯಂತ್ರ ಕೂಗುತ್ತದೆ, ಕೆಲಸಗಾರರ ತಲೆಯಿಂದ ನಿನ್ನೆ ಅಳಿಸಿಹೋಗುತ್ತದೆ. ಪ್ರತಿದಿನವೂ ಅವರಿಗೆ ಕೆಲಸದ ಮೊದಲ ದಿನವೇ. ಯಾರಿಗೂ ಯಾವ ಅವಮಾನವೂ ನೆನಪಿಲ್ಲ. ಒಂದು ದಿನ ನಾಯಕಿಗೆ ಗೋಡೆಯ ಮೇಲೆ ತನ್ನದೇ ಅಕ್ಷರ ಕಾಣುತ್ತದೆ: ‘ನಿನ್ನೆಯೂ ನೀನು ಇಲ್ಲೇ ಇದ್ದೆ.’

ಅಲ್ಲಿಗೆ ಮಧ್ಯಂತರ. ಅಲ್ಲಿಗೇ ಅವಳನ್ನು ಎಬ್ಬಿಸಿದ್ದು.

“ಮುಂದೇನಾತು ಕಾಳವ್ವಾ? ಬಾಲ್ಕನಿ ಮಂದೀನ ಕೇಳಿದೆ. ಹಾಡು ಚಲೋ ಅದಾವು ಅಂತಾರ! ನನಗ ಅನ್ನ ಇಳಿಯವಲ್ದು. ಬರೋ ಐತವಾರ ಕಡೀ ದಿನಾ. ಬಾಲ್ಕನಿ ಕಸಾ ಹೊಡಿಯಾಕ ಅಷ್ಟ ಬಿಡು, ಕೂಡಾಕ ಬಿಡಬ್ಯಾಡ ಅಂತ ಗೇಟಿನವಗ ಹೇಳಿಟ್ಟಾನ ಸಾವ್ಕಾರ.”

ಆ ಭಾನುವಾರ ಮ್ಯಾಟಿನಿಗೆ ಹತ್ತು ನಿಮಿಷ ಇರುವಾಗ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಜನರೇಟರು ಒಂದು ಸಲ ಕೆಮ್ಮಿ ಸತ್ತಿತು. ಟಾಕೀಸು ಭರ್ತಿ! ಸಾಹುಕಾರರು ಬೆವರು ಒರೆಸಿಕೊಳ್ಳುತ್ತ ರೀಲು ಕೋಣೆಗೆ ಓಡಿ ಬಂದರು.

“ಮೋನ್ಯಾ, ಏನಾರ ಮಾಡೋ!”

ನನ್ನ ಗಂಡ ಎದೆ ಉಬ್ಬಿಸಿದ. ಅವನಿಗೆ ಬುತ್ತಿ ತಂದಿದ್ದ ನಾನು ಮನೆಮನೆಯ ಜರಡಿ ಕೂಡಿಸಿ ತಂದೆ. ಅರ್ಧ ಗಂಟೆಯಲ್ಲಿ ಬಾಲ್ಕನಿಯ ಅರವತ್ತು ತಲೆಗಳ ಮೇಲೆ ಅರವತ್ತು ಜರಡಿ ಕೂತವು. ಬೆಟಗೇರಿಯಲ್ಲಿ ಆ ದಿನ ಯಾರ ಮನೆಯಲ್ಲೂ ಚಹಾ ಆಗಲಿಲ್ಲ.

“ಕೆಳಗಿನ ಬೆಂಚಿಗೂ ಹಾಕಲೇನ್ರಿ?”

“ಬ್ಯಾಡ. ಅಲ್ಲೇನ್ ಹುಟ್ಟತೈತಿ? ಸೇಂಗಾ ಸಿಪ್ಪಿ!”

ಸಿನಿಮಾ ಶುರುವಾಯಿತು. ಹೊಸ ಆಟಿಕೆಯ ಉಮೇದಿನಲ್ಲಿ ಬಾಲ್ಕನಿಯವರು ಇದು ಹೇಗೆ ಕೆಲಸ ಮಾಡುತ್ತದೆಂದು ಒಂದಿಷ್ಟು ಯೋಚಿಸಿದರು, ರೀಲು ಓಡಿತು. ಆಮೇಲೆ ಅವರ ತಲೆ ಮನೆಗೆ ಹೋಯಿತು. ನಾಯಕಿಯ ನಡಿಗೆ ಬಸವನಹುಳುವಿನಂತಾಯಿತು. ಅವಳ ದನಿ ಕೆರೆಯಲ್ಲಿ ಮುಳುಗಿದ ಎಮ್ಮೆಯದಾಯಿತು. ಗೋಡೆಯ ಅಕ್ಷರ ಕಂಡು ಅವಳು ಬಾಯಿ ತೆರೆದಳು, ತೆರೆದ ಬಾಯಿ ಹಾಗೇ ನಿಂತಿತು!

“ಎಲ್ಲಾರೂ ಯೋಚನಿ ಮಾಡ್ರೆಪಾ!” ಸಾಹುಕಾರರು ಚೀರಿದರು. “ಬೀಗರ, ನೀವರ ಮಾಡ್ರಿ!”

ಊಟಕ್ಕೆಂದು ಬಂದು ವಾರವಾದರೂ ಹೊರಡದ ಬೀಗರು ಅದೇ ಸೀಟಿನಲ್ಲಿ ಒರಗಿದ್ದರು. “ನಾವು ಸಿನಿಮಾ ನೋಡಾಕ ಬಂದೀವಿ, ಯೋಚನಿ ಮಾಡಾಕಲ್ಲ!”

“ತಡೀರಿ, ನಾನ ಮಾಡತೀನಿ!” ಸಾಹುಕಾರರು ತಾವೇ ಒಂದು ಜರಡಿ ಕಸಿದು ತಲೆಗೆ ಹಾಕಿಕೊಂಡರು. ಇದ್ದ ಮಿಣುಕು ಬೆಳಕೂ ಆರಿತು! ಖಾಲಿ ಕೊಡ ಸಿಕ್ಕಿದ ನೀರಿನಂತೆ ಕರೆಂಟೆಲ್ಲ ಅವರ ತಲೆಗೇ ಹರಿಯತೊಡಗಿತ್ತು. ಅವರ ಮೀಸೆ ಎರಡೂ ಕಡೆ ನೆಟ್ಟಗಾಯಿತು.

“ತಗೀರಿ, ತಗೀರಿ! ಯಂತ್ರ ಸಾಯತೈತಿ!” ಎಂದು ನನ್ನ ಗಂಡ ಕಿತ್ತುಕೊಂಡ.

ಆಗ ಕತ್ತಲ ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದವಳು ಬಾಯಿಬಿಟ್ಟಳು.

“ಕಾಳವ್ವಾ, ಆ ಗಿರಣಿ ಗೋಡಿ ದಿನಾ ತೊಳೀತಾರ ಅಲ್ಲ?”

“ಹೌದವ್ವ, ಸಿನಿಮಾದಾಗ ತೋರಿಸ್ಯಾರ.”

“ಹಂಗಂದ್ರ ತೊಳಿಯೋಕಿ ಒಬ್ಬಾಕಿ ಇರಬೇಕಲ್ಲ? ಆಕಿ ಆ ಅಕ್ಷರ ಯಾಕ ತೊಳೀಲಿಲ್ಲ?”

ಬಾಲ್ಕನಿಯ ಜರಡಿಗಳೆಲ್ಲ ಬಾಗಿಲ ಕಡೆ ತಿರುಗಿದವು. ನನ್ನ ಗಂಡ ಸಾಹುಕಾರರ ಕಡೆ ತಿರುಗಿದ. “ಈ ತಲೀ ಬೇಕ್ರಿ ನನಗ. ಇಲ್ಲಂದ್ರ ಟಿಕೀಟಿನ ರೊಕ್ಕಾ ವಾಪಸ್ ಕೊಡ್ರಿ.”

ಸಾಹುಕಾರರು ಒಂದು ಸ್ಟೂಲು ತೋರಿಸಿದರು. ಹುಲಿಗೆವ್ವ ಅದನ್ನು ನೋಡಲೂ ಇಲ್ಲ.

“ನನ್ನ ಸೀಟಿನ್ಯಾಗ ಕೂಡ್ತೀನಿ. ಅಲ್ಲೇ ಬಿಟ್ಟಿದ್ದೆ, ಅಲ್ಲಿಂದ ನೋಡ್ತೀನಿ.”

ಬೀಗರು ಎದ್ದರು! ಹುಲಿಗೆವ್ವ ಸೆರಗಿನಿಂದ ಸೀಟು ಒರೆಸಿ, ಜರಡಿ ಏರಿಸಿಕೊಂಡು ಕೂತಳು. ನಾಯಕಿಯ ಬಾಯಿ ಮುಚ್ಚಿತು. ರೀಲು ಕುದುರೆಯಂತೆ ಓಡಿತು!

“ಬೇಕಂತ ಬಿಟ್ಟಾಳ,” ಹುಲಿಗೆವ್ವ ಗಟ್ಟಿಯಾಗಿಯೇ ಯೋಚಿಸಿದಳು. “ಮರತಿಲ್ಲ ಆಕಿ. ಯಾವ ಎಲಿ-ಅಡಕಿ ಕಲಿ ಎಂದು ಬಿತ್ತು, ಯಾರು ಉಗುಳಿದ್ರು, ಕಸಾ ಹೊಡಿಯೋರಿಗೆ ಎಲ್ಲಾ ನೆನಪಿರತೈತಿ.”

ಕೆಳಗಿನ ಬೆಂಚುಗಳು ಎದ್ದು ನಿಂತವು. “ಖರೇ ಅಂತಾಳೋ!” “ಹಂಗಾದ್ರ ಗಿರಣಿ ಮಾಲಕಗ ಅಕ್ಷರ ಕಾಣಲಿಲ್ಲೇನು?” “ಅವ ಗೋಡಿ ಎಂದು ನೋಡ್ಯಾನಲೇ!” ಜಗಳ ಹತ್ತಿಕೊಂಡಿತು. ನೇಕಾರರು, ಹಮಾಲರು, ಬೀಡಿ ಕಟ್ಟುವ ಹೆಂಗಸರು ಮೆಟ್ಟಿಲು ಹತ್ತಿ ಬಂದು, ಸುಮ್ಮನೆ ಕೂತ ತಲೆಗಳಿಂದ ಜರಡಿ ಕಿತ್ತು ತಾವು ಹಾಕಿಕೊಂಡರು. ವರ್ಷಗಳಿಂದ ಕೆಟ್ಟಿದ್ದ ಫ್ಯಾನುಗಳು ಗಿರಗಿರ ತಿರುಗಿದವು! ತಂಪು ಪೆಟ್ಟಿಗೆಯಲ್ಲಿ ಸೋಡಾ ಬಾಟಲಿಗಳು ಒಂದೊಂದಾಗಿ ಹಾರಿದವು! ಹೊರಗೆ ಮಟಮಟ ಮಧ್ಯಾಹ್ನ ಬೀದಿದೀಪ ಹತ್ತಿದವು. ರಜೆಯ ದಿನ ಬೀಗ ಹಾಕಿದ ಮಗ್ಗದ ಮನೆಗಳಲ್ಲಿ ಮಗ್ಗಗಳು ತಾವಾಗಿಯೇ ಲಟಪಟ ನೇಯತೊಡಗಿದವು!

“ಕಡಿಮಿ ಯೋಚನಿ ಮಾಡ್ರೋ! ತಂತಿ ಸುಡತೈತಿ!” ನನ್ನ ಗಂಡ ಕೂಗಿದ. ಯಾರೂ ಕೇಳಲಿಲ್ಲ.

ಕೊನೆಯ ದೃಶ್ಯ ಬಂತು. ಬೆಳಗಿನ ಜಾವದ ಯಂತ್ರ ಕೂಗಲು ಹೊರಟು, ಕೂಗಲಾರದೆ ನಿಂತಿತು. ತೆರೆಯ ಮೂಲೆಯಲ್ಲಿ, ಅಕ್ಷರವಿದ್ದ ಗೋಡೆಯ ಬುಡದಲ್ಲಿ ಒಂದು ಬಕೀಟು, ಅದರ ಅಂಚಿಗೆ ಒಂದು ಒಣ ಅರಿವೆ. ಮೂರು ಮೂರು ಸಲ ನೋಡಿದ ಬಾಲ್ಕನಿಯವರಿಗೆ ಆ ಬಕೀಟು ಈ ತನಕ ಕಂಡಿರಲಿಲ್ಲ. ಹುಲಿಗೆವ್ವ ಚಪ್ಪಾಳೆ ತಟ್ಟಿದಳು. ಇಡೀ ಟಾಕೀಸು ತಟ್ಟಿತು. ನನಗೆ ಅಳು ಬಂತು; ಕೇಳಿದವರಿಗೆ ನನ್ನ ಜರಡಿ ಹೋಯಿತಲ್ಲ ಎಂದು ನೆವ ಹೇಳಿದೆ.

ಸಿನಿಮಾ ಮುಗಿಯಿತು. ಖಾಲಿ ತೆರೆಯ ಮೇಲೆ ಬೆಳಕು ಮಾತ್ರ ಆರಲಿಲ್ಲ. ನನ್ನ ಗಂಡ ಸ್ವಿಚ್ಚು ಒತ್ತಿದ, ತಂತಿ ಕಿತ್ತ, ಡಬ್ಬಿಯನ್ನು ಒದ್ದೂ ನೋಡಿದ. ಏನು ಮಾಡಿದರೂ ಆರದು! ಹೊರಗೆ ಮಗ್ಗಗಳು ನೇಯುತ್ತಲೇ ಇದ್ದವು.

ಸಾಹುಕಾರರು ಬಂದು ಹುಲಿಗೆವ್ವನ ಮುಂದೆ ಕಸಬರಿಗೆ ಚಾಚಿದರು. ಅವರ ಮೀಸೆ ಇನ್ನೂ ಇಳಿದಿರಲಿಲ್ಲ.

“ಆತಲ್ಲ, ಮುಗೀತು. ಮುಂದಿನ ಶೋ ಐತಿ, ಕಸಾ ಹೊಡೀಬೇಕು. ಏಳು.”

“ಏಳಂಗಿಲ್ಲ,” ಎಂದಳು ಹುಲಿಗೆವ್ವ, ಜರಡಿ ಸರಿಮಾಡಿಕೊಳ್ಳುತ್ತ. “ಹೋದ ಐತವಾರ ಎಬ್ಬಿಸಿದ್ದು ನೆನಪೈತಿ. ಕಸಬರಿಗಿ ನಿಮ್ಮ ಕೈಯಾಗ ಐತಲ್ಲ, ಹೊಡೀರಿ. ಬೆಳಕು ನಾ ಕೊಡತೀನಿ.”