ಬಾಣಂತಿಯ ಕಾವಲುಗಾರ

ಬೇರೆಯವರಿಗೆ ಚಿಂತೆ ಮಾಡಲು ಕಾರಣ ಬೇಕು. ನನಗೆ ಪುರುಸೊತ್ತು ಸಿಕ್ಕರೆ ಸಾಕು. ಹುಮನಾಬಾದದಲ್ಲಿ ಬಸವಕಲ್ಯಾಣದ ಬಸ್ಸು ಹತ್ತಿ, ಮನೆಯ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಗೆ ಇಳಿದು ವಾಪಸಾದವನು ನಾನು. ಬಂದ್ ಆಗಿಯೇ ಇತ್ತು. ಪ್ರತಿಸಲವೂ ಬಂದ್ ಆಗಿಯೇ ಇರುತ್ತದೆ. ಅಂದಮೇಲೆ ಮರೆಯುವ ದಿನ ಇನ್ನೂ ಮುಂದಿದೆ ಎಂದಾಯಿತಲ್ಲ ಎಂದು ಮತ್ತೊಂದು ಚಿಂತೆ. ಇಂಥವನ ಮನೆಗೆ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಳು.

ಮೊಮ್ಮಗಳು ಹುಟ್ಟಿದಾಗ ಎರಡು ಕಿಲೋ ಚಿಲ್ಲರೆ ಇದ್ದಳು. ಕೂಸು ಸಣ್ಣದು, ಆದರೆ ಗಟ್ಟಿಯಾಗಿದೆ ಎಂದರು ಡಾಕ್ಟರು. ನಾನು ಆ ಮಾತಿನ ಮೊದಲ ಅರ್ಧವನ್ನಷ್ಟೇ ಮನೆಗೆ ತಂದೆ. ಬಂದವನೇ ಅಂಗಳದ ಕಡೆಯ ಕೋಣೆಯ ಕಿಟಕಿಗೆ ಹಳೆಯ ಪೇಪರು ಅಂಟಿಸಿದೆ. ಹೆದ್ದಾರಿಯ ಲಾರಿಗಳ ಧೂಳು ಸಾಮಾನ್ಯದ್ದಲ್ಲ. ಬಾಗಿಲ ಸಂದಿಗೆ ನನ್ನ ಹಳೆಯ ಧೋತರ ತುರುಕಿದೆ. ಬೆಳಿಗ್ಗೆ ಸಂಜೆ ಲೋಬಾನದ ಹೊಗೆ, ಮಗಳ ಕಿವಿಗೆ ಸದಾ ಬಿಗಿದ ಸ್ಕಾರ್ಫು. ಕೂಸನ್ನು ನೋಡಲು ಬಂದವರು ಕೈಕಾಲು ತೊಳೆದು, ಹೊಸ್ತಿಲಾಚೆಯಿಂದಲೇ ನೋಡಿ ಹೋಗಬೇಕು. ಗಾಳಿಗೆ ಬಾಗಿಲು ತೆರೆದುಕೊಂಡೀತೆಂದು ಚಿಲಕವನ್ನು ಹೊರಗಿನಿಂದ ಹಾಕುತ್ತಿದ್ದೆ. ಕೇಳಿದವರಿಗೆ, ಹಿಂದಿನಿಂದ ಬಂದ ಪದ್ಧತಿ ಎನ್ನುತ್ತಿದ್ದೆ. ಪದ್ಧತಿ ಅರ್ಧ, ಉಳಿದದ್ದು ನನ್ನ ಸ್ವಂತ ಸೇರ್ಪಡೆ. ಇದರ ಮೇಲೆ ಬಸವಕಲ್ಯಾಣದಿಂದ ಬೀಗತಿಯ ಫೋನು ದಿನಾ: ಕೂಸು ಮೈ ಹಿಡಿದಿದೆಯೇ? ಅವರು ಕೇಳುತ್ತಿದ್ದದ್ದು ಪ್ರೀತಿಯಿಂದಲೇ. ಆದರೂ ಫೋನು ಇಡುವಾಗ ನನ್ನ ಸ್ಥಿತಿ ಜಾಮೀನು ಸಿಗದವನ ಹಾಗಿರುತ್ತಿತ್ತು.

ಇಪ್ಪತ್ತು ದಿನವಾಗುವ ಹೊತ್ತಿಗೆ ಮಗಳು ಮಾತು ಕಡಿಮೆ ಮಾಡಿದಳು. ಊಟದ ತಾಟು ಅರ್ಧಕ್ಕೇ ವಾಪಸು ಬರತೊಡಗಿತು. ಒಂದು ಬೆಳಿಗ್ಗೆ, ಕೂಸನ್ನೆತ್ತಿಕೊಂಡು ಹತ್ತು ನಿಮಿಷ ಅಂಗಳದ ಎಳೆಬಿಸಿಲಿಗೆ ಕೂತುಕೊಳ್ಳಲೇ ಎಂದು ಕೇಳಿದಳು. ಬಿಸಿಲು ಒಳ್ಳೆಯದೆಂದು ಡಾಕ್ಟರೂ ಹೇಳಿದ್ದರು. ಡಾಕ್ಟರಿಗೇನು, ಅವರ ಮೊಮ್ಮಗಳೇ? ಸವಾ ತಿಂಗಳಾಗಲಿ, ನಲವತ್ತು ದಿನ ತುಂಬಲಿ ಎಂದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಹುಡುಗಿ ಒಬ್ಬಳೇ ಅಳುತ್ತಾಳೆ, ನಿಮಗೆ ಕಾಣುವುದಿಲ್ಲವೇ ಎಂದು ಹೆಂಡತಿ ಅಡುಗೆಮನೆಗೆ ಕರೆದು ಕೇಳಿದಳು. ಕಾಣುತ್ತಿತ್ತು. ಅದಕ್ಕೂ ಥಂಡಿಯೇ ಕಾರಣವಿರಬೇಕೆಂದು ಇನ್ನೊಂದು ಶಾಲು ತಂದುಕೊಟ್ಟೆ.

ಅವಳ ಬೇಸರ ಕಳೆಯಲೆಂದು ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಸಿನಿಮಾ ನೋಡಲು ಜೊತೆಗೆ ಕುಳಿತೆ. ಸಿನಿಮಾ ಆರಿಸಿದವಳು ಅವಳು. ಪರದೇಶದ್ದು, ಮಾತು ತಿಳಿಯದಲ್ಲಿ ಅವಳೇ ಬಿಡಿಸಿ ಹೇಳುತ್ತಿದ್ದಳು. ಒಬ್ಬ ಮನುಷ್ಯ ಒಬ್ಬ ಹೆಂಗಸನ್ನು ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದಾನೆ. ಅಲ್ಲೇ ಹುಟ್ಟಿದ ಮಗುವಿಗೆ ಆ ನಾಲ್ಕು ಗೋಡೆಯೇ ಲೋಕ. ತಾಯಿ ಮಾತ್ರ ಅಷ್ಟಗಲದ ಜಾಗದಲ್ಲೇ ಮಗುವನ್ನು ಆಡಿಸುತ್ತಾಳೆ, ಓಡಿಸುತ್ತಾಳೆ, ನಗಿಸುತ್ತಾಳೆ. ನನಗೆ ತಡೆಯಲಾಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಆ ಕೂಡಿಹಾಕಿದವನಿಗೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬೈದೆ. ನಮ್ಮ ಕಡೆ ಈ ಒಂದು ಕೆಲಸಕ್ಕೆ ಭಾಷೆಯ ಕೊರತೆಯಿಲ್ಲ. ಅಷ್ಟರಲ್ಲಿ ಸಿನಿಮಾದಲ್ಲಿ ಅವನು ಸಾಮಾನಿನ ಚೀಲ ಹಿಡಿದುಕೊಂಡು ಬಾಗಿಲು ತೆಗೆದು ಒಳಗೆ ಬಂದ.

"ನೋಡು ಅಪ್ಪಾ," ಎಂದಳು ಮಗಳು, "ಅವನೂ ಸಾಮಾನ ತಂದ ಕೊಡತಾನ."

ಮಾಣಿಕನಗರದ ಅಂಗಡಿಯಿಂದ ಆಗಷ್ಟೇ ತಂದ ಉತ್ತತ್ತಿ, ಗೋಡಂಬಿಯ ಪೊಟ್ಟಣ ನನ್ನ ತೊಡೆಯ ಮೇಲಿತ್ತು. ಮೆಲ್ಲಗೆ ಅದನ್ನು ಹೊರಸಿನ ಕೆಳಗೆ ಸರಿಸಿದೆ.

ಹೊಸ್ತಿಲಲ್ಲಿ ಕುಳಿತು ಪೂರ್ತಿ ನೋಡಿದ ಹೆಂಡತಿಯ ಕಣ್ಣು ಒಣಗಿದ್ದವು. ನಿನಗೆ ಅಳು ಬರಲಿಲ್ಲವೇ ಎಂದು ಕೇಳಿದ್ದು ನನ್ನ ತಪ್ಪು.

"ಈಕಿ ಹುಟ್ಟಿದಾಗ ನಮ್ಮವ್ವ ನನ್ನ ಮೂರು ತಿಂಗಳು ಹಿಂಗ ಇಟ್ಟಿದ್ಳು," ಎಂದಳು. "ನೀವು ಬಂದು, ಬಾಣಂತನ ಭಾಳ ಛಲೋ ಮಾಡ್ಯಾರ ಅಂತ ಹೊಗಳಿ ಹೋದ್ರಿ."

ಹೊಗಳಿದ್ದು ನೆನಪಿತ್ತು. ಆಗ ಅವಳ ಮುಖ ಹೇಗಿತ್ತೆಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ಚಿಲಕ ತೆಗೆದು ಮಗಳನ್ನು ಅಂಗಳಕ್ಕೆ ಕರೆದೆ. ಹೊಸ್ತಿಲು ದಾಟುವಾಗ ಅವಳು ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು. ಹಿಂದೆಯೇ ಶಾಲು, ಟೋಪಿ, ಕೊಡೆ ಹೊತ್ತ ನಾನು. ಅವಳು ಕೂತಳೋ ಇಲ್ಲವೋ, ಕೂಸು ಒಂದು ಸೀನು ಸೀನಿತು. ಸಾಕು, ಒಳಗೆ ನಡೆಯಿರಿ ಎಂದೆ. ಹೆಂಡತಿ ನನ್ನ ಕೈಯ ಕೊಡೆ ಕಸಿದುಕೊಂಡಳು. ನನ್ನ ರಟ್ಟೆ ಹಿಡಿದು ಆ ಕೋಣೆಗೇ ಕರೆದೊಯ್ದು ಕೂರಿಸಿ, ಹೊರಗಿನಿಂದ ಚಿಲಕ ಹಾಕಿದಳು.

ಹೊರಸಿನ ಮೇಲೆ ಕುಳಿತೆ. ಹಗಲಲ್ಲೂ ಮಬ್ಬು, ಲೋಬಾನದ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಕೂತವರ ಕಣ್ಣಿನ ಮಟ್ಟಕ್ಕೆ ಕಿಟಕಿಯ ಪೇಪರಿನಲ್ಲಿ ಒಂದು ತೂತು ಕಂಡಿತು, ಬೆರಳು ಹಾಯುವಷ್ಟು. ಅದರ ಅಂಚು ಸವೆದು ಮೆತ್ತಗಾಗಿತ್ತು. ಕಣ್ಣಿಟ್ಟೆ. ಕಂಡದ್ದು ಇಷ್ಟೇ: ಬಿಸಿಲಿನ ಒಂದು ತುಂಡು, ಅದರೊಳಗೆ ಮೊಮ್ಮಗಳ ಒಂದು ಪಾದ, ಐದೂ ಬೆರಳು ಬಿಡಿಬಿಡಿಯಾಗಿ ಅರಳಿದ್ದು. ಉಳಿದ ಕೂಸು ಹೇಗಿದೆಯೋ ತಿಳಿಯುವಂತಿರಲಿಲ್ಲ. ಮಗಳು ಯಾವುದಕ್ಕೋ ನಕ್ಕದ್ದು ಕೇಳಿಸಿತು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಬಿಸಿಲು ಏರುತ್ತಿದೆ, ಬಾಗಿಲು ತೆಗೆಯಿರಿ ಎಂದು ಕೂಗಿದೆ.

"ಇನ್ನ ಹತ್ತ ನಿಮಿಷ ಅಪ್ಪಾ," ಎಂದಳು ಮಗಳು, ಬಹಳ ಪ್ರೀತಿಯಿಂದ. "ಒಳಗ ಬೆಚ್ಚಗದ ಅಲ್ಲ?"

ಬೆಚ್ಚಗೇನೋ ಇತ್ತು.