ಊಟಿಯಲ್ಲಿ ಅವ್ವನ ಬಾಯಿಂದ ಒಂದು ‘ಛಲೋ ಅದ’

ನನಗೊಂದು ಚಟವಿದೆ. ಬೀಡಿ, ಇಸ್ಪೀಟು ಅಂಥದ್ದೇನೂ ಅಲ್ಲ. ಅಂಥವನ್ನಾದರೆ ಬಿಡಿಸಲು ಹಿರಿಯರು ಬುದ್ಧಿ ಹೇಳುತ್ತಾರೆ. ನಾನು ಯಾರಿಗಾದರೂ ಏನನ್ನಾದರೂ ತೋರಿಸಿದರೆ ಅವರು ಚೆನ್ನಾಗಿದೆ ಎನ್ನಬೇಕು. ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು, ಬಾಯಿ ಬಿಟ್ಟು ನನ್ನ ಕಿವಿಗೆ ಬೀಳುವಂತೆ ಅನ್ನಬೇಕು. ಮನೆಗೆ ಬಂದವರಿಗೆ ಚಹಾ ಕೊಟ್ಟರೆ ಮೊದಲ ಗುಟುಕು ಇಳಿಯುವ ತನಕ ಅವರ ಗಂಟಲನ್ನೇ ನೋಡುತ್ತ ಕೂಡುತ್ತೇನೆ. ಮಾನ್ವಿಯ ಹೈಸ್ಕೂಲಿನಲ್ಲಿ ಭೂಗೋಳದ ಪಾಠ ಮುಗಿಸಿ “ಹೇಗಿತ್ತು?” ಎಂದು ಹುಡುಗರನ್ನು ಕೇಳುವ ಮಾಸ್ತರ ನಾನೊಬ್ಬನೇ ಇರಬೇಕು. ಹುಡುಗರು ಜಾಣರು. “ಭಾಳ ಛಲೋ ಇತ್ರೀ ಸರ್” ಎಂದು ಒಂದೇ ದನಿಯಲ್ಲಿ ಕೂಗಿ, ಐದು ನಿಮಿಷ ಮೊದಲೇ ಬಿಡಿಸಿಕೊಂಡು ಓಡುತ್ತಾರೆ. ಊರಿನಲ್ಲಿ ಎಲ್ಲರೂ ನನ್ನ ಈ ಚಟವನ್ನು ಅಷ್ಟಿಷ್ಟು ಸಲಹುತ್ತಾರೆ. ಸಲಹದವಳು ಒಬ್ಬಳೇ, ನನ್ನ ಅವ್ವ.

ನಮ್ಮದು ಕುರಿ ಕಾಯುವವರ ಮನೆತನ. ಅವ್ವ ಮದುವೆಯಾಗಿ ಬಂದ ದಿನದಿಂದ ಅಪ್ಪನ ಜೊತೆ ಕುರಿಯ ಹಿಂದೆ ನಡೆದವಳು. ಮಾನ್ವಿಯಿಂದ ದೇವದುರ್ಗದ ಕಡೆಗೆ, ಅಲ್ಲಿಂದ ಹೊಳೆಯ ದಂಡೆಗೆ, ಮತ್ತೆ ಹಿಂದಕ್ಕೆ, ಬರಿಗಾಲಲ್ಲಿ. ನಮ್ಮ ಕಡೆಯ ಬಿಸಿಲಿನಲ್ಲಿ ಹಾಗೆ ನಡೆದು ನನ್ನನ್ನು ರಾಯಚೂರಿನ ಹಾಸ್ಟೆಲ್ಲಿಗೆ ಹಾಕಿ ಓದಿಸಿದಳು. ಅಂಥವಳಿಗೆ ಜೀವನದಲ್ಲಿ ಒಮ್ಮೆಯಾದರೂ ಏನಾದರೂ ಚೆಂದದ್ದನ್ನು ತೋರಿಸಿ, ಅವಳ ಬಾಯಿಂದ ‘ಛಲೋ ಅದ’ ಎನ್ನಿಸಬೇಕೆಂಬುದು ನನಗೆ ನೌಕರಿ ಸಿಕ್ಕ ದಿನದಿಂದ ಇದ್ದ ಆಸೆ. ಮೊದಲು ರಾಯಚೂರಿನ ಕೋಟೆ ಬೆಟ್ಟ ಹತ್ತಿಸಿದೆ. ಮೇಲೆ ನಿಂತು ಇಡೀ ಊರನ್ನು ತೋರಿಸಿದರೆ, “ಕಲ್ಲು ನಮ್ಮೂರಾಗ ಇಲ್ಲೇನು?” ಎಂದಳು. ಆಮೇಲೆ ದೇವದುರ್ಗದ ಕಡೆಯ ಗೂಗಲ್ ಎಂಬ ಊರಿಗೆ ಕರೆದೊಯ್ದು ತುಂಬಿ ಹರಿಯುವ ಕೃಷ್ಣೆಯನ್ನು ತೋರಿಸಿದೆ. ಕಾಲು ತೊಳೆದುಕೊಂಡು, ದಂಡೆಯ ಗುಡಿಯ ಅಲ್ಲಮಪ್ರಭುವಿಗೆ ಕೈಮುಗಿದು, “ನೀರು ಹರೀಲಾರದ ಮತ್ತೇನ್ ಮಾಡ್ತಾವ?” ಎಂದಳು.

ಆಗಲೇ ನಾನು ನಿರ್ಧಾರ ಮಾಡಿದ್ದು. ಇನ್ನು ಸಣ್ಣಪುಟ್ಟ ಊರು ಬೇಡ, ನೇರವಾಗಿ ಊಟಿ. ಹನ್ನೆರಡು ವರ್ಷದಿಂದ ‘ಗಿರಿಧಾಮ ಎಂದರೇನು?’ ಎಂಬ ಮೂರು ಅಂಕದ ಪ್ರಶ್ನೆಗೆ ಉತ್ತರ ಬರೆಸುತ್ತಿದ್ದೆ, ಒಂದನ್ನೂ ಕಂಡಿರಲಿಲ್ಲ. ದೋಣಿವಿಹಾರ, ಕುದುರೆ ಸವಾರಿ, ಸಸ್ಯೋದ್ಯಾನ, ದೊಡ್ಡಬೆಟ್ಟ ಎಂದು ಸ್ಥಳಗಳನ್ನೂ ಸಮಯವನ್ನೂ ಚಾಕ್‌ಪೀಸಿನಿಂದ ಅಡುಗೆಮನೆಯ ಬಾಗಿಲ ಮೇಲೆ ಬರೆದೆ. ನನ್ನ ಹೆಂಡತಿ ನೀಲಮ್ಮ ಅದನ್ನು ಓದಿ, “ಇದೇನ್ರೀ, ಊರಿಗಿ ಹೊಂಟೀವೋ ಪರೀಕ್ಷಾಕ್ಕ ಹೊಂಟೀವೋ?” ಎಂದಳು. ಒಂಬತ್ತು ವರ್ಷದ ಮಗಳು ಮಂಜುಳಾ ಮಾತ್ರ ಕುದುರೆ ಎಂಬ ಶಬ್ದದ ಮುಂದೆ ದಿನಕ್ಕೊಂದು ಹೂವಿನ ಚಿತ್ರ ಬರೆದಳು.

ಗಂಟು ಕಟ್ಟುವಾಗ ಮೊದಲ ಜಗಳ. ಅವ್ವ ಕರಿ ಕಂಬಳಿ ತಂದು ಮುಂದಿಟ್ಟಳು. ಮೇ ತಿಂಗಳು. ಮಾನ್ವಿಯಲ್ಲಿ ಕಾಗೆಗಳು ಬಾಯಿ ತೆರೆದುಕೊಂಡು ಕೂಡುತ್ತಿದ್ದ ಹೊತ್ತು. ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಹೊಯ್ದು, ಅದರ ಕಾವು ಇಳಿದ ಮೇಲೆ ಮಲಗುವ ಜನ ನಾವು. ಎತ್ತರಕ್ಕೆ ಹೋದಂತೆ ಉಷ್ಣತೆ ಇಳಿಯುತ್ತದೆ ಎಂಬುದನ್ನು ವರ್ಷಕ್ಕೆರಡು ಸಲ ಕಲಿಸುವ ನಾನೇ, ಆ ಬೆವರಿನಲ್ಲಿ ಕಂಬಳಿ ನೋಡಿ ಸಿಟ್ಟಾದೆ. “ಯವ್ವಾ, ಎರಡು ಚಾದರ ಸಾಕು. ಕಂಬಳಿ ಹೊತ್ಕೊಂಡು ಹೋದ್ರ ಮಂದಿ ನಗ್ತಾರ” ಎಂದೆ. ಅವ್ವ ಎಂಟು ದಿನಕ್ಕಾಗುವಷ್ಟು ಕಡಕ್ ರೊಟ್ಟಿ ಮಾಡಿ, ಅವು ಒಡೆಯಬಾರದೆಂದು ಅದೇ ಕಂಬಳಿಯಲ್ಲಿ ಸುತ್ತಿ ಕಟ್ಟಿದಳು. ರೊಟ್ಟಿ ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಬಸ್ಸು ಇನ್ನೂ ಕಲ್ಮಲ ದಾಟಿರಲಿಲ್ಲ, ಅಷ್ಟರಲ್ಲೇ ಮಂಜುಳಾ ಹಸಿವೆಂದಳು, ಗಂಟು ಬಿಚ್ಚಿತು, ಶೇಂಗಾ ಚಟ್ನಿಯ ವಾಸನೆ ಬಸ್ಸನ್ನೆಲ್ಲ ಹಿಡಿಯಿತು.

ರೈಲು, ಮತ್ತೊಂದು ರೈಲು, ಬಸ್ಸು, ಮತ್ತೊಂದು ಬಸ್ಸು. ಊಟಿಯಲ್ಲಿ ಇಳಿದಾಗ ಸಂಜೆ. ಇಳಿದ ಕೂಡಲೇ ನನ್ನ ಹಲ್ಲುಗಳು ನನ್ನ ಅಪ್ಪಣೆ ಕೇಳದೆ ಒಂದಕ್ಕೊಂದು ಬಡಿದುಕೊಳ್ಳತೊಡಗಿದವು. ಲಾಡ್ಜಿನ ಮ್ಯಾನೇಜರು ಮೈಸೂರು ಕಡೆಯವರು. “ಬನ್ನಿ ಸಾರ್, ಸ್ವೆಟರ್ ತಂದಿಲ್ವಾ?” ಎಂದು ಕೇಳಿದರು. ಮಾನವೆಂಬುದೊಂದು ಇದೆಯಲ್ಲ! “ನಮಗ ಅಭ್ಯಾಸ ಅದರೀ” ಎಂದೆ. ಅವ್ವ ಮಾತ್ರ ಅವರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಗುಲಾಬಿಗಳನ್ನು ನೋಡಿ, “ಭಾಳ ಛಲೋ ಅದಾವ ನೋಡ್ರೀ” ಎಂದಳು. ಪ್ಲಾಸ್ಟಿಕ್ ಹೂವಿಗೇ ಛಲೋ ಬಂತೆಂದರೆ ನಾಳೆ ನಿಜವಾದ ಹೂವಿಗೆ ಏನು ಬಂದೀತು! ಅಂದು ಕಂಬಳಿಯ ಕೆಳಗೆ ನಾವು ಮೂವರು ಸೇರಿಕೊಂಡೆವು. ಅವ್ವ ಚಾದರ ಹೊದ್ದು ಮಲಗಿದಳು. “ನಿನಗ ಅಭ್ಯಾಸ ಅದ ಅಂದ್ಯಲ್ಲ, ದಡ್ಡಾ” ಎಂದದ್ದು ಕತ್ತಲಲ್ಲಿ ಕೇಳಿಸಿತು. ದಡ್ಡ ಎಂಬುದು ಅವಳು ನನಗೆ ಇಟ್ಟ ಹೆಸರು. ಬಿ.ಎ., ಬಿ.ಎಡ್. ಮುಗಿಸಿದ ಮೇಲೂ ಬದಲಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಕೆರೆ. ಸಾಲಿನಲ್ಲಿ ನಿಂತು ಚೀಟಿ ತೆಗೆಸಿ, ಅವ್ವನನ್ನು ಕೈಹಿಡಿದು ದೋಣಿಯಲ್ಲಿ ಕೂಡಿಸಿದೆ. ಸುತ್ತ ನೀಲಗಿರಿ ಮರಗಳು, ನೀರಿನ ಮೇಲೆ ಮಂಜು. ನಾನು ಮಂಜನ್ನು ನೋಡಲಿಲ್ಲ, ಅವ್ವನ ಬಾಯನ್ನೇ ನೋಡುತ್ತಿದ್ದೆ. ದೋಣಿ ನಟ್ಟನಡುವೆ ಹೋದಾಗ ತುಟಿ ಅಲುಗಿತು. “ದನ ನೀರು ಕುಡಿಯೋ ಬಾನಿಯಾಗ ಕುಂತಂಗ ಆಗ್ಯಾದ” ಎಂದಳು. ನೀಲಮ್ಮ ಮುಖ ಆ ಕಡೆ ತಿರುಗಿಸಿದಳು. ಅವಳ ಭುಜ ಕುಣಿಯುತ್ತಿದ್ದುದು ಚಳಿಗಲ್ಲವೆಂದು ನನಗೆ ಗೊತ್ತಿತ್ತು.

ಆಮೇಲೆ ಕುದುರೆ. ಮಂಜುಳಾ ಹತ್ತಿ ಕೂತಳು. ಕುದುರೆ ಹೆಜ್ಜೆ ಎತ್ತಲಿಲ್ಲ. ಕುದುರೆಯವನು ಎಳೆದ, ತಳ್ಳಿದ, ತಮಿಳಿನಲ್ಲಿ ಬೈದ. ಅವ್ವ ಮುಂದೆ ಹೋಗಿ ಅದರ ತುಟಿ ಮೇಲಕ್ಕೆತ್ತಿ ಹಲ್ಲು ನೋಡಿದಳು, ಪಕ್ಕೆ ಮುಟ್ಟಿದಳು. “ಇದಕ್ಕ ಹೊಟ್ಟಿತುಂಬ ಹಾಕಲ್ಲೇನೋ?” ಎಂದು ಅವನನ್ನೇ ಗದರಿಸಿ, ಸೆರಗಿನಿಂದ ಅರ್ಧ ರೊಟ್ಟಿ ತೆಗೆದು ತಿನ್ನಿಸಿ, ನಾಲಿಗೆಯಿಂದ ‘ಟ್ರುರ್ ಟ್ರುರ್’ ಎಂದು ಕುರಿ ಹೊಡೆಯುವ ಸದ್ದು ಮಾಡಿದಳು. ಕುದುರೆಗೆ ನಮ್ಮ ಭಾಷೆ ತಿಳಿಯಿತು. ಅದು ಓಡಿತು. ಅದರ ಹಿಂದೆ ಕುದುರೆಯವನು, ಅವನ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಾನು. ಕೆರೆಯ ಅರ್ಧ ಸುತ್ತು ಆದ ಮೇಲೆ ಮಂಜುಳಾ ಇಳಿದು, “ಅಪ್ಪಾ, ಇನ್ನೊಮ್ಮಿ!” ಎಂದಳು. ನಾನು ಏದುಸಿರು ಬಿಡುತ್ತ, “ಹ್ಯಾಂಗಿತ್ತು ಯವ್ವಾ?” ಎಂದು ಕೇಳಿದೆ. “ಏನದ ಅದ್ರಾಗ? ನಮ್ಮ ಕತ್ತಿ ಇದಕ್ಕಿಂತ ಜೋರು ಓಡ್ತದ” ಎಂದಳು. ಅವಳು ಹೇಳುತ್ತಿದ್ದುದು ಸಾಮಾನು ಹೊರುವ ನಮ್ಮ ಹಳೆಯ ಕತ್ತೆಯ ಬಗ್ಗೆ.

ನನ್ನ ಕೊನೆಯ ಅಸ್ತ್ರ ಸಸ್ಯೋದ್ಯಾನ. ಗೇಟು ದಾಟಿ ಒಳಗೆ ಹೋದರೆ ಎದುರಿಗೆ ಗುಡ್ಡದ ಇಳಿಜಾರಿನ ಉದ್ದಕ್ಕೂ ಹುಲ್ಲು. ಎಷ್ಟು ಹಸಿರೆಂದರೆ, ನಮ್ಮ ಕಡೆಯವರು ಕಂಡರೆ ಯಾರೋ ಬಣ್ಣ ಹಚ್ಚಿದ್ದಾರೆ ಎಂದು ಅನುಮಾನ ಪಡಬೇಕು. ಅವ್ವ ಅಲ್ಲಿಯೇ ನಿಂತುಬಿಟ್ಟಳು. ಬಗ್ಗಿ ಕೈಯಿಂದ ಹುಲ್ಲು ಸವರಿದಳು. ಒಂದು ಎಸಳು ಕಿತ್ತು ಹಲ್ಲಿನಲ್ಲಿ ಕಡಿದಳು. ಆಮೇಲೆ ನಿಧಾನವಾಗಿ ನಡೆದು ಹೋಗಿ ನಡುವೆ ಹೆಗಲ ಮೇಲಿದ್ದ ಕಂಬಳಿ ಹಾಸಿ ಕೂತೇಬಿಟ್ಟಳು. ಸೀಟಿ ಊದುತ್ತ ಮಾಲಿ ಓಡಿ ಬಂದ. ಪುಣ್ಯಕ್ಕೆ ಅವನು ಕನ್ನಡದವನೇ.

“ಅಜ್ಜಿ, ಹುಲ್ಲಿನ ಮೇಲೆ ಕೂರಬಾರದು.”

“ಕುರಿ ಬಿಡ್ತೀರೇನು?”

“ಅಯ್ಯೋ, ಇಲ್ಲ ಅಜ್ಜಿ!”

“ಕುರಿನೂ ಬಿಡಂಗಿಲ್ಲ, ಮಂದಿನೂ ಕೂಡಂಗಿಲ್ಲ. ಮತ್ಯಾಕ ಬೆಳಸೀರಿ?”

“ನೋಡೋಕೆ ಅಜ್ಜಿ.”

“ಎಷ್ಟೊತ್ತು ನೋಡ್ತೀರೋ ಯಪ್ಪಾ?”

ಮಾಲಿ ತಲೆ ಕೆರೆದುಕೊಂಡ. ಕೊನೆಗೆ ಅವ್ವ ಕೊಟ್ಟ ರೊಟ್ಟಿ ತಿನ್ನುತ್ತ, ಬೇರೆ ಕಡೆ ಸೀಟಿ ಊದಲು ಹೋದ. ನಾನು ಅವ್ವನ ಪಕ್ಕ ಕೂತು ಕೇಳಿದೆ, “ಈಗರ ಹೇಳು ಯವ್ವಾ. ಹ್ಯಾಂಗದ?” ಅವ್ವ ಇಳಿಜಾರನ್ನೇ ನೋಡುತ್ತಿದ್ದಳು. “ಏನದ ಇಲ್ಲಿ? ಬರೇ ಹುಲ್ಲು” ಎಂದಳು.

ನನಗೆ ತಡೆಯಲಾಗಲಿಲ್ಲ. ಅಷ್ಟು ದೂರದ ದಾರಿ, ಅಷ್ಟು ವರ್ಷದ ಆಸೆ, ಮೇಲೆ ಚಳಿಗೆ ಸೋರುತ್ತಿದ್ದ ಮೂಗು. “ಯವ್ವಾ, ಒಮ್ಮಿ ಛಲೋ ಅದ ಅಂದ್ರ ನಿನ್ನ ಗಂಟೇನು ಹೋಗ್ತದ? ಆ ಪ್ಲಾಸ್ಟಿಕ್ ಹೂವಿಗಿ ಅಂದಿ, ಇದಕ್ಕ ಅನ್ನಾಕ ಬರಂಗಿಲ್ಲೇನು?” ಎಂದು ಜೋರಾಗಿ ಒದರಿದೆ. ಸುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದವರೆಲ್ಲ ತಿರುಗಿದರು. ಮಂಜುಳಾ ಅಜ್ಜಿಯ ಬೆನ್ನಿಗೆ ಅಂಟಿಕೊಂಡಳು. ಅವ್ವ, “ಯಾಕ ಒದರಾಕತ್ತಿ ದಡ್ಡಾ, ಮಂದಿ ನೋಡಾಕತ್ತಾರ” ಎಂದು ನಾಲ್ಕು ಎಸಳು ಹುಲ್ಲು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಟು ಎಂದು ನಾನಂದದ್ದಕ್ಕೇ ಹಂಗಿಸುತ್ತಿದ್ದಾಳೆ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಮರುದಿನ ದೊಡ್ಡಬೆಟ್ಟ ಹತ್ತಿದೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪಕ್ಕದ ನೀಲಮ್ಮನೇ ಕಾಣಲಿಲ್ಲ. “ನೋಡು, ಏನೂ ಇಲ್ಲ” ಎಂದಳು ಅವ್ವ. ಆ ಒಂದು ಮಾತನ್ನು ನಾನು ಒಪ್ಪಿಕೊಳ್ಳಲೇಬೇಕಾಯಿತು.

ಮಾನ್ವಿಗೆ ಮರಳಿದ ಮೇಲೆ ಓಣಿಯ ಹೆಂಗಸರೆಲ್ಲ ಬಂದು ಕೇಳಿದರು. “ಏನದ ಅಲ್ಲಿ? ನಾಕು ಗುಡ್ಡ, ಒಂದು ಕೆರಿ” ಎಂದು ಅವ್ವ ಜೋಳ ಹಸನು ಮಾಡುತ್ತ ಕೂತಳು. ನಾನು ವಾರಗಟ್ಟಲೆ ಮುಖ ಸಿಂಡರಿಸಿಕೊಂಡು ಓಡಾಡಿದೆ. ಅಷ್ಟರಲ್ಲಿ ನೀರಮಾನ್ವಿಯಿಂದ ಅವ್ವನ ತಮ್ಮ ಮಲ್ಲಪ್ಪ ಮಾವ ಬಂದ. ಅವನದು ಇಂದಿಗೂ ಕುರಿಯ ಬದುಕೇ. ಕಟ್ಟೆಯ ಮೇಲೆ ಕೂಡಿಸಿಕೊಂಡು ನನ್ನ ದುಃಖವನ್ನೆಲ್ಲ ತೋಡಿಕೊಂಡೆ. ಕೇಳುತ್ತ ಕೇಳುತ್ತ ಮಾವನಿಗೆ ನಗು ತಡೆಯಲಾಗದೆ ತಂಬಾಕು ಗಂಟಲಿಗೆ ಹೋಯಿತು.

“ಎಷ್ಟು ಓದಿದ್ರೇನು ಬಂತೋ ಅಳಿಯಾ! ನೀ ಹಾಸ್ಟೆಲ್ಲಿನಾಗ ಬೆಳದಿ, ಹಟ್ಟಿಯಾಗ ಬೆಳೀಲಿಲ್ಲ. ಮನಸಿಗಿ ಹತ್ತಿದ್ದನ್ನ ಕುರಿ ಕಾಯೋರು ಛಲೋ ಅಂತಾರೇನು? ನೆದರ ಆಗ್ತದ, ಕೆಟ್ಟ ದೃಷ್ಟಿ ತಾಕ್ತದ. ನನ್ನ ಹಿಂಡಿನಾಗ ಎಲ್ಲಕ್ಕಿಂತ ಭಾರಿ ಟಗರಿನ ಹೆಸರೇನು ಹೇಳು?”

“ಕುಂಟ.”

“ಅದು ಕುಂಟ್ತದೇನು?”

“ಇಲ್ಲ.”

“ಮತ್ತ? ಸಂತಿಯಾಗ ಮಂದಿ ಟಗರು ನೋಡಿ ಛಲೋ ಅದ ಛಲೋ ಅದ ಅಂತೀನಿ, ಮರತು ಬರ್ತೀನಿ. ನನ್ನ ಕುಂಟನ್ನ ಯಾರರ ಕೇಳಿದ್ರ, ಏನದ ಅದ್ರಾಗ ಅಂತೀನಿ. ನಮ್ಮಕ್ಕ ಆ ಹುಲ್ಲು ಎಲ್ಲಿ ಇಟ್ಟಾಳ, ಹೋಗಿ ನೋಡು.”

ಹೋಗಿ ನೋಡಿದೆ. ದೇವರ ಜಗಲಿಯ ಮೇಲೆ, ಬೀರಪ್ಪನ ಮುಂದೆ, ಭಂಡಾರದ ಅರಿಶಿನ ತುಂಬಿದ ಬಟ್ಟಲಲ್ಲಿ ಊಟಿಯ ನಾಲ್ಕು ಎಸಳು ಹುಲ್ಲು ಒಣಗಿ ಮಲಗಿತ್ತು. ದಿನಾ ಬೆಳಿಗ್ಗೆ ಅವ್ವ ಅದರ ಮುಂದೆಯೇ ಕೈಮುಗಿಯುತ್ತಿದ್ದಳು. ದಿನಾ ಅದೇ ದಾರಿಯಲ್ಲಿ ನಾನು ಮುಖ ಉಬ್ಬಿಸಿಕೊಂಡು ಶಾಲೆಗೆ ಹೋಗುತ್ತಿದ್ದೆ. ಅಲ್ಲೇ ಕೂತು ಎಲ್ಲವನ್ನೂ ಮೊದಲಿನಿಂದ ಹೊಸದಾಗಿ ಕೇಳಿಸಿಕೊಂಡೆ. ಕೋಟೆಯ ಕಲ್ಲು, ಕೃಷ್ಣೆಯ ನೀರು, ಬಾನಿಯಂಥ ದೋಣಿ, ಕತ್ತೆಗಿಂತ ಕಡೆಯಾದ ಕುದುರೆ, ಬರೇ ಹುಲ್ಲು. ಅಂದರೆ ನನ್ನ ಅವ್ವ ಉದ್ದಕ್ಕೂ ಹೊಗಳುತ್ತಲೇ ಇದ್ದಳು! ಮತ್ತೆ ನಾನು? ನಲವತ್ತು ವರ್ಷದಿಂದ ನಾನು ದಡ್ಡ! ಸಂತೋಷ ಉಕ್ಕಿ ಬಂತು. ಕುಂಟ ನಿಜವಾಗಿ ಕುಂಟನಲ್ಲ, ಆದರೆ ನಾನು ಮಾತ್ರ ನಿಜವಾಗಿಯೂ ದಡ್ಡನೇ ಅಲ್ಲವೇ ಎಂಬ ಸಣ್ಣ ಅನುಮಾನವೂ ಜೊತೆಗೇ ಬಂತು. ಅದನ್ನು ಬದಿಗೆ ಸರಿಸಿದೆ.

ಈ ಸಂತೋಷದಲ್ಲೇ ಊಟಿಯ ಪ್ರವಾಸವನ್ನು ಒಂದು ಪ್ರಬಂಧವಾಗಿ ಬರೆದೆ. ಬರೆದ ಮೇಲೆ ಸುಮ್ಮನಿರುವ ಜೀವವೇ ಇದು? ಅವ್ವನನ್ನು ಮುಂದೆ ಕೂಡಿಸಿಕೊಂಡು, ಪಾಠ ಓದುವಂತೆ ಏರಿಳಿತದಿಂದ ಓದಿ ಹೇಳಿದೆ. ‘ಏನದ ಇದ್ರಾಗ?’ ಎಂಬ ಮಾತು ಈಗ ಬಂದೀತು, ಇನ್ನೇನು ಬಂದೀತು ಎಂದು ಕಾದೆ. ಅವ್ವ ಕೊನೆಯ ತನಕ ಕೇಳಿ, “ಛಲೋ ಬರದೀಪಾ” ಎಂದಳು. ನೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಂದೇ ಅದನ್ನು ಹರಿದು ಒಲೆಗೆ ಹಾಕಿದೆ. ಎರಡನೆಯ ಸಲ ಬರೆದೆ, ಅದೂ ಛಲೋ ಆಯಿತು. ಮೂರನೆಯದಕ್ಕೆ ಭೂಗೋಳವನ್ನೆಲ್ಲ ತೆಗೆದುಹಾಕಿದೆ, ಆದರೂ ಛಲೋ. ಸೋಲುವ ಮನುಷ್ಯ ನಾನಲ್ಲ. ಊಟಿಗೇ ಹೋಗಿ ಬಂದವನು, ಒಂದು ಬರಹಕ್ಕೆ ಹೆದರುತ್ತೇನೆಯೇ? ತಾವು ಈಗ ಓದುತ್ತಿರುವುದು ನಾಲ್ಕನೆಯದು. ಇದನ್ನು ನಿನ್ನೆ ಸಂಜೆ ಮಾಳಿಗೆಗೆ ನೀರು ಹೊಯ್ದ ಮೇಲೆ ಅವ್ವನಿಗೆ ಓದಿ ಹೇಳಿದೆ. ಹುಲ್ಲಿನ ಮಾತು ಬಂದಾಗ ಅವಳ ಕೈ ಜೋಳದ ಮೊರದಲ್ಲಿ ನಿಂತದ್ದನ್ನು ಕಂಡು ಆ ಸಾಲನ್ನು ಇನ್ನೊಮ್ಮೆ ಓದಿದೆ.

“ಮುಗೀತೇನು?” ಎಂದಳು.

“ಮುಗೀತು ಯವ್ವಾ.”

ಅವ್ವ ಹತ್ತಿರ ಬಂದು, ಹಿಂದೆಂದೂ ಇಲ್ಲದಂತೆ ನನ್ನ ತಲೆಯ ಮೇಲೆ ಕೈಯಿಟ್ಟು, “ಎಲ್ಲಕ್ಕಿಂತ ಇದು ಭಾಳ ಛಲೋ ಅದ ನೋಡು” ಎಂದಳು.