ಮೂಲೆಯಲ್ಲೊಂದು ಕಿಟಕಿ

ಲಾಂಛನದ ತಪ್ಪು ಒಂದೇ. ಅದು ತೀರಾ ಸರಳವಾಗಿತ್ತು. ಒಂದು ಚೌಕ, ಓರೆಯಾಗಿ ತೆರೆದ ಒಂದು ಬಾಗಿಲು. ತೆರೆದ ಕಿಟಕಿ, ಅಷ್ಟೇ. ಟಿವಿಯ ಮೂಲೆಯಲ್ಲಿ ಉಗುರಿನಷ್ಟು ಕೂರಬೇಕು, ವ್ಯಾನಿನ ಮೇಲೆ ಆನೆಯಷ್ಟು ನಿಲ್ಲಬೇಕು, ಬಣ್ಣವಿಲ್ಲದಿದ್ದರೂ ಗುರುತು ಸಿಗಬೇಕು ಎಂದು ವಾಹಿನಿಯ ಚಿತ್ರಕಾರ ಮೂರು ತಿಂಗಳು ಗೀಚಿ, ಅಳಿಸಿ ಉಳಿಸಿಕೊಂಡದ್ದು ಇದನ್ನೇ. ಮೂರು ಹೊತ್ತೂ ಟಿವಿಯ ಮೂಲೆಯದೇ ಚಿಂತೆಯಾದ್ದರಿಂದ ಕಚೇರಿಯಲ್ಲಿ ಅವನ ಹೆಸರು ಮೂಲೆರಾಯ.

"ನಾಲ್ಕು ಗಂಟೆಯೊಳಗೆ ಮೂರೂ ವಿಭಾಗದವರ ಸಹಿ ಹಾಕಿಸ್ಕೊಂಡು ಬಾ," ಎಂದರು ಮಾಲೀಕರು. "ಇಲ್ಲಾಂದ್ರೆ ವಾಪಸ್ ಹವಾಮಾನಕ್ಕೆ ಹೋಗು."

ಹವಾಮಾನವೆಂದರೆ ನಕ್ಷೆಯ ಮೇಲೆ ಮೋಡ ಅಂಟಿಸುವ ಕೆಲಸ. ಆರು ವರ್ಷ ಅಂಟಿಸಿದ ಮೂಲೆರಾಯನಿಗೆ ಈಗ ನಿಜವಾದ ಮೋಡ ಕಂಡರೂ ಸಿಟ್ಟು ಬರುತ್ತಿತ್ತು.

ಸುದ್ದಿ ಸಂಪಾದಕ ಪೆನ್ನು ತೆಗೆದವನು ಹಾಗೇ ನಿಂತ. "ಕಿಟಕಿಯೇನೋ ಸರಿ ಕಣಯ್ಯಾ. ಆಚೆ ಜಗತ್ತೆಲ್ಲಿ?"

"ಚಿಕ್ಕದಾದಾಗ ಅದೆಲ್ಲ ಕಾಣಲ್ಲ ಸಾರ್."

"ನಂದೊಂದು ಕಂಡ್ರೆ ಸಾಕು."

ಕಿಟಕಿಯೊಳಗೆ ಭೂಗೋಳ ಬಂತು. ಧಾರಾವಾಹಿ ವಿಭಾಗದ ಮೇಡಂ ಮೂಗು ಮುರಿದರು. "ಭೂಗೋಳ ನೋಡಿ ಯಾರಪ್ಪಾ ಅಳ್ತಾರೆ? ಒಂದು ದೀಪ ಇಡು." ದೀಪವೂ ಬಂತು. ಕ್ರೀಡಾ ವಿಭಾಗದವನು ದೀಪವನ್ನು ನೋಡಿ, "ಯಾಕೆ ಹೀಗೆ ಸುಮ್ನೆ ನಿಂತಿದೆ? ಎರಡು ಕಾಲು ಹಾಕು, ಓಡ್ಲಿ!" ಎಂದ.

ಮೂರು ಸಹಿ ಸಿಕ್ಕಿತು. ಮೊದಲಿನ ಹಾಳೆಯನ್ನು ಕಸದ ಬುಟ್ಟಿಗೆ ಹಾಕುವಾಗ ಮೂಲೆರಾಯನಿಗೆ ಅಳುವೇ ಬಂತು.

ನಾಲ್ಕಕ್ಕೆ ಸರಿಯಾಗಿ, ಲಾಂಛನ ಹೇಗೆ ಕಾಣುತ್ತದೆಂದು ನೋಡಲು ಮಾಲೀಕರ ಕೋಣೆಯ ಟಿವಿ ಹಾಕಿದರು. ಮಾಲೀಕರು ಮುಂದಕ್ಕೆ ಬಾಗಿದರು.

"ಮೂಲೆಯಲ್ಲೇನದು, ನೊಣವಾ? ಯಾರಲ್ಲಿ, ಒರೆಸಿ!"

ಹೊರಗೆ ನೆಲ ಒರೆಸುತ್ತಿದ್ದ ಅಕ್ಕ ಬಕೆಟ್ಟಿನೊಡನೆ ಬಂದು ಗಾಜನ್ನು ಗಸಗಸ ಉಜ್ಜಿದಳು. "ಹೋಗ್ತಿಲ್ಲ ಸಾರ್. ಒಳಗಡೆಯಿಂದಲೇ ಕೊಳೆಯಾಗಿದೆ."

"ಜಾಸ್ತಿಯಾಯ್ತು ಅಂತ ನಾವು ಆಗ್ಲೇ ಹೇಳಿದ್ವಿ," ಎಂದರು ಸಹಿ ಹಾಕಿದ ಮೂವರೂ. ಮೂಲೆರಾಯನ ಕಣ್ಣ ಮುಂದೆ ಮೋಡಗಳು ಸಾಲುಗಟ್ಟಿದವು.

ಅಷ್ಟರಲ್ಲಿ ಮಾಲೀಕರ ದೃಷ್ಟಿ ಬಕೆಟ್ಟಿನ ಮೇಲೆ ಬಿತ್ತು. "ಅದೇನು, ಕಿಟಕಿ?"

"ಬುಟ್ಟೀಲಿ ಸಿಕ್ತು ಸಾರ್," ಎಂದಳು ಅಕ್ಕ. "ಎಲ್ಲಾ ಮಹಡಿ ಬಕೆಟ್ಟೂ ಒಂದೇ ಥರ, ಅದಲುಬದಲಾಗ್ತಾವೆ. ಅದಕ್ಕೇ ಅಂಟಿಸ್ಕೊಂಡೆ. ಪೊರಕೆ ಕೋಣೆ ಬಾಗಿಲ ಮೇಲೆ ಚಾಕ್‌ಪೀಸಲ್ಲಿ ದೊಡ್ಡದಾಗಿ ಬರೆದಿದ್ದೀನಿ, ಊಟದ ಡಬ್ಬಿ ಮೇಲೆ ಪುಟ್ಟದು. ಕನ್ನಡಕ ಇಲ್ದಿದ್ರೂ ಗೊತ್ತಾಗುತ್ತೆ."

ಮಾಲೀಕರು ಎದ್ದು ಕಾರಿಡಾರಿನ ಆ ತುದಿಗೆ ಹೋದರು. ಕನ್ನಡಕ ತೆಗೆದು, ದೂರದಿಂದಲೇ ಪೊರಕೆ ಕೋಣೆಯ ಬಾಗಿಲನ್ನು ನೋಡಿದರು, ಬಕೆಟ್ಟನ್ನು ನೋಡಿದರು.

"ಇದೇ ನಮ್ಮ ಲಾಂಛನ!" ಅಲ್ಲಿಂದಲೇ ಕೂಗಿದರು. "ಮೂಲೆರಾಯ, ನಿನಗೆ ಹವಾಮಾನ ಬೇಡ. ಈ ಮೂವರ ಸಹಿಯೂ ಬೇಡ. ಇನ್ಮೇಲೆ ಅಕ್ಕ ಒಬ್ಬಳ ಸಹಿ ಸಾಕು. ಅವಳು ಹೂಂ ಅಂದ್ರೆ ನಾಳೆ ಬೆಳಗ್ಗೆಯೇ ಟಿವೀಲಿ!"

ಮೂಲೆರಾಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೊಸ ಹಾಳೆಯಲ್ಲಿ ಅದೇ ಕಿಟಕಿಯನ್ನು ಬರೆದು, ಪೆನ್ನು ಹಿಡಿದು ಅಕ್ಕನ ಬಳಿಗೆ ಓಡಿದ. ಅವಳು ಕೈ ಒರೆಸಿಕೊಂಡು, ಹಾಳೆಯನ್ನು ದೂರ ಹಿಡಿದು, ತಲೆ ಓರೆ ಮಾಡಿ ನೋಡಿದಳು. ಸಹಿಗೆಂದು ಇಳಿದ ಪೆನ್ನು ನಡುವೆಯೇ ನಿಂತಿತು.

"ಚೆನ್ನಾಗಿದೆಯಪ್ಪಾ. ಆದ್ರೆ ಕಿಟಕಿಗೊಂದು ಕರ್ಟನ್ ಹಾಕಿದ್ರೆ ಹೇಗೆ? ಪುಟ್ಟಪುಟ್ಟ ಹೂವಿಂದು?"

ಮೂಲೆರಾಯ ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ನಗುತ್ತಾ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.

"ಎಷ್ಟು ಹೂವು ಅಕ್ಕಾ?"